ಬೋರ್ಡಿಲ್ಲದ ರೊಟ್ಟಿ ಅಂಗಡಿ, ಹಳೇ ಹುಬ್ಬಳ್ಳಿ: ಐದಕ್ಕೆ ನಾಲ್ಕೂವರೆ ಸ್ಟಾರ್

ಹುಬ್ಬಳ್ಳಿಯಲ್ಲಿ ರೊಟ್ಟಿ ಅಂಗಡಿಗೇನು ಬರವಿಲ್ಲ. ಓಣಿಗೊಂದು ಸಿಗುತ್ತೆ. ಆದರೆ ಖಡಕ್ ರೊಟ್ಟಿ ಎಲ್ಲಿ ತಗೋಬೇಕು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಈ ಅಂಗಡಿಯನ್ನೇ. ಇಂಡಿ ಪಂಪ್ ದಾಟಿ ಒಳಗೆ ಹೋದರೆ ಹಿಟ್ಟಿನ ಗಿರಣಿ ಸಿಗುತ್ತೆ. ಅದರ ಪಕ್ಕದ ತಗಡಿನ ಶೆಡ್ಡು. ಬೋರ್ಡಿಲ್ಲ. ಬಾಗಿಲಲ್ಲಿ ನಿಂತರೆ ಪಟಪಟ ಬಡಿಯುವ ಸದ್ದು ಕೇಳುತ್ತೆ, ಅದೇ ಗುರುತು.

ಮೊದಲು ರೊಟ್ಟಿಯ ಮಾತು. ಬಿಳಿಜೋಳದ ಹಿಟ್ಟು, ಎಸರು ಹಾಕಿ ನಾದಿ ಕೈಯಲ್ಲೇ ಬಡಿಯುತ್ತಾರೆ. ಮಷಿನ್ ಇಟ್ಟಿಲ್ಲ. ಅಂಚಿನ ತನಕ ಒಂದೇ ತೆಳುವು. ಮುರಿದರೆ ಟಕ್ ಅನ್ನುತ್ತೆ, ಬಾಯಲ್ಲಿ ಹಿಟ್ಟಿನ ವಾಸನೆ ಉಳಿಯಲ್ಲ. ಒಂದಕ್ಕೆ 8 ರೂಪಾಯಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಗೆ 10. ಗುರೆಳ್ಳು ಹಿಂಡಿ, ಅಂದರೆ ಚಟ್ನಿಪುಡಿ, ಅದ್ಭುತ. ಶೇಂಗಾ ಹಿಂಡಿಗೆ ಮಾತ್ರ ಉಪ್ಪು ಜಾಸ್ತಿ. ಎಷ್ಟು ಸಲ ಹೇಳಿದರೂ ಅಂಗಡಿ ನಡೆಸುವ ಅಕ್ಕಾರು "ಮೊಸರ ಕಲಸ್ಕೊಂಡು ತಿನ್ರಿ, ಸರಿ ಹೋಗ್ತೈತಿ" ಅಂತಾರೆ. ಅರ್ಧ ಸ್ಟಾರ್ ಕಡಿಮೆ ಆಗಿದ್ದು ಇದಕ್ಕೆ. ಫೋನ್ ಎತ್ತದೇ ಇರುವುದಕ್ಕೂ ಅಂತ ಇಟ್ಟುಕೊಳ್ಳಿ.

ಇಷ್ಟೇ ಆಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಪ್ರವಾಹ, ಗುಡ್ಡ ಕುಸಿತ ಅಂತ ಸುದ್ದಿ ಬಂದಾಗ ಸಹಾಯ ಕಳಿಸಬೇಕು ಅಂತ ನಮಗೆಲ್ಲ ಅನ್ನಿಸುತ್ತೆ, ಅಲ್ವಾ? ಏನು ಕಳಿಸಬೇಕು, ಹೇಗೆ ಕಳಿಸಬೇಕು ಅನ್ನುವುದು ಮಾತ್ರ ಬಹಳ ಜನಕ್ಕೆ ಗೊತ್ತಿರಲ್ಲ. ಇವರಿಗೆ ಗೊತ್ತಿದೆ.

2019ರ ಆಗಸ್ಟ್ ನೆನಪಿದೆಯಲ್ಲ? ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೇ ಉಕ್ಕಿದ್ದವು. ಸರ್ಕಾರ 22 ಜಿಲ್ಲೆಗಳ 103 ತಾಲೂಕುಗಳನ್ನು ನೆರೆಪೀಡಿತ ಅಂತ ಘೋಷಿಸಿತ್ತು. ನಮಗೆ ಹತ್ತಿರದ್ದು ಮಲಪ್ರಭೆ. ನವಿಲುತೀರ್ಥ ಡ್ಯಾಮಿನಿಂದ ಬಿಟ್ಟ ನೀರು ನರಗುಂದ ತಾಲೂಕಿನ ಕೊಣ್ಣೂರು, ರೋಣ ತಾಲೂಕಿನ ಹೊಳೆಆಲೂರಿನ ಮನೆಗಳಿಗೇ ನುಗ್ಗಿತ್ತು. ಮಹದಾಯಿ ನೀರು ಬೇಕು ಅಂತ 2015ರಿಂದ ಧರಣಿ ಕೂತ ನರಗುಂದದ ಸೀಮೆ ಅದು. ನೀರು ಬಂದಿದ್ದು ಹೀಗೆ.

ಆ ವಾರ ಅಂಗಡಿಯಲ್ಲಿ ಮಾರಾಟ ಬಂದ್. ಗಿರಣಿಯವರು ದುಡ್ಡು ತಗೊಳ್ಳದೆ ಬೀಸಿ ಕೊಟ್ಟರು. ಓಣಿಯ ಮನೆಮನೆಗೂ ಹಿಟ್ಟು ಹಂಚಿದರು. ಹಿಂದೂ ಮನೆ, ಮುಸ್ಲಿಂ ಮನೆ ಅಂತಿಲ್ಲ, ಹಂಚು ಇಟ್ಟ ಕಡೆಯಲ್ಲೆಲ್ಲ ರೊಟ್ಟಿ. ಸಂಜೆ ಹುಡುಗರು ಮನೆಮನೆಯಿಂದ ತಂದು ಶೆಡ್ಡಿನಲ್ಲಿ ಇಳಿಸುತ್ತಿದ್ದರು. ರೊಟ್ಟಿ ಬಡಿಯಲು ಬಾರದ ನನ್ನಂಥವರಿಗೆ ಪ್ಯಾಕಿಂಗ್ ಕೆಲಸ.

ಆ ಪ್ಯಾಕಿಂಗಿಗೂ ಒಂದು ಕ್ರಮವಿತ್ತು. ಬಿಸಿ ರೊಟ್ಟಿ ಕಟ್ಟುವ ಹಾಗಿಲ್ಲ. ಬೆವರಿ ಮೆತ್ತಗಾಗುತ್ತೆ, ಬೂಸಲು ಬರುತ್ತೆ. ಹೊರಗೆ ಮಳೆ, ಆರಿಸೋಕೆ ಬಿಸಿಲಿಲ್ಲ. ಹಾಗಾಗಿ ಒಲೆಯ ಸುತ್ತ ಗೋಡೆಗೆ ಒರಗಿಸಿ ನಿಲ್ಲಿಸುತ್ತಿದ್ದರು. ಪೂರ್ತಿ ಆರಿದ ಮೇಲೆ ಹತ್ತತ್ತು ರೊಟ್ಟಿ ಪೇಪರಿನಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಕವರ್, ಜೊತೆಗೊಂದು ಹಿಂಡಿ ಪೊಟ್ಟಣ. ಡಬ್ಬದಲ್ಲಿ ಮಲಗಿಸಿ ಪೇರಿಸಿದರೆ ಟೆಂಪೋ ಕುಲುಕಿಗೆ ಕೆಳಗಿನವೆಲ್ಲ ಪುಡಿ. ಅದಕ್ಕೆ ಎಲ್ಲವನ್ನೂ ನಿಲ್ಲಿಸಿ ಜೋಡಿಸಬೇಕಿತ್ತು. ಹಲ್ಲಿಲ್ಲದ ಮುದುಕರಿಗೆ ಅಂತ ಮೆತ್ತನೆ ರೊಟ್ಟಿಯ ಗಂಟು ಬೇರೆ. ಅದು ಆವತ್ತೇ ಮುಟ್ಟಬೇಕು ಅಂತ ಡ್ರೈವರ್ ಸೀಟಿನ ಪಕ್ಕಕ್ಕೆ.

ಸುದ್ದಿ ಹಬ್ಬಿದ ಮೇಲೆ ಜನ ಏನೇನೋ ತಂದು ಇಟ್ಟು ಹೋಗತೊಡಗಿದರು. ಒಬ್ಬರು ಸ್ಕೂಟರಿನಲ್ಲಿ ಬಟ್ಟೆ ಚೀಲ ತಂದರು. ಅಕ್ಕಾರು ಅಲ್ಲೇ ಬಿಚ್ಚಿದರು. ಗುಂಡಿ ಕಿತ್ತ ಅಂಗಿ, ಹರಿದ ಕುಪ್ಪಸ, ಒಂದೇ ಒಂದು ಸಾಕ್ಸು.

"ಇದನ್ನ ನಿಮ್ಮ ಮನ್ಯಾಗ ಯಾರರೆ ಹಾಕ್ಕೋತಾರೇನ್ರೀ?"

"ಪಾಪ, ಏನೂ ಇಲ್ಲದವರಿಗೆ ಆಗ್ತಾವಂತ ತಂದೆ..."

"ಮೊನ್ನಿತನಕ ಅವರಿಗೂ ಎಲ್ಲಾ ಇತ್ರೀ. ವಾಪಸ್ ಒಯ್ರಿ. ಹೊಸಾ ಚಾದರ ಎರಡು ತರ್ರಿ, ಇಲ್ಲಂದ್ರ ಹೆಣ್ಮಕ್ಕಳಿಗೆ ಪ್ಯಾಡ್ ತರ್ರಿ."

ಅವರು ಮುಖ ಸಣ್ಣದು ಮಾಡಿಕೊಂಡು ಹೋದರು. ಸ್ವಲ್ಪ ಒರಟಾಯ್ತು ಅಂತ ನನಗೂ ಅನ್ನಿಸಿತು. ಆದರೆ ಒಂದು ತಾಸಿನಲ್ಲಿ ಅದೇ ಸ್ಕೂಟರ್ ಚಾದರಗಳ ಕಟ್ಟಿನ ಜೊತೆ ವಾಪಸ್ ಬಂತು. ಪರಿಹಾರ ಕೇಂದ್ರಗಳ ಹೊರಗೆ ಹಳೆ ಬಟ್ಟೆ ಗುಡ್ಡೆ ಬಿದ್ದು ಮಳೆಯಲ್ಲಿ ನೆನೆಯುವುದನ್ನು ನೋಡಿದವರಿಗೆ ಅಕ್ಕಾರ ಸಿಟ್ಟು ಅರ್ಥವಾಗುತ್ತೆ. ಅದನ್ನು ಎತ್ತಿ ಹಾಕುವುದೇ ಅಲ್ಲಿನವರಿಗೆ ಇನ್ನೊಂದು ಕೆಲಸ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆಮೇಲಿನದು. ನೀರು ಇಳಿಯಿತು, ಟಿವಿಯವರು ಹೋದರು, ಲಾರಿಗಳೂ ನಿಂತವು. ಸರ್ಕಾರ ತುರ್ತಿಗೆ ಅಂತ ಕುಟುಂಬಕ್ಕೆ 10,000 ರೂಪಾಯಿ ಘೋಷಿಸಿತ್ತು, ಪೂರ್ತಿ ಬಿದ್ದ ಮನೆಗೆ 5 ಲಕ್ಷ. ಆದರೆ ಅರ್ಜಿ, ಸರ್ವೆ, ಬ್ಯಾಂಕ್ ಖಾತೆ ಅಂತ ಓಡಾಡುವ ದಿನಗಳಲ್ಲೂ ಮನೆಯಲ್ಲಿ ಉಣ್ಣಬೇಕಲ್ಲ? ಕೆಸರು ತುಂಬಿದ ಮನೆಗೆ ವಾಪಸ್ ಹೋದವರ ಹತ್ತಿರ ಹಂಚೂ ಇಲ್ಲ, ಹಿಟ್ಟು ನಾದುವ ಕೊಣಮಿಗೆಯೂ ಇಲ್ಲ. ಕೂಡಿಟ್ಟ ಜೋಳ ನೆನೆದು ಮೊಳಕೆ ಬಂದಿತ್ತು. "ಈಗ ರೊಟ್ಟಿ ಬ್ಯಾಡ, ಹಂಚು ಒಯ್ಯೂಣು" ಅಂದರು ಅಕ್ಕಾರು. ಎರಡನೇ ಸಲ ಟೆಂಪೋದಲ್ಲಿ ಹೋಗಿದ್ದು ಕಬ್ಬಿಣದ ಹಂಚು, ಕೊಣಮಿಗೆ, ಜೋಳದ ಚೀಲ, ಬೆಂಕಿಪೊಟ್ಟಣ. ಆ ಹೊತ್ತಿಗೆ ದೇಣಿಗೆ ಕೊಡುವವರು ಕಡಿಮೆಯಾಗಿದ್ದರು. ಉಳಿದ ರೊಕ್ಕ ಅಂಗಡಿಯದ್ದೇ.

ಎಲ್ಲ ಕಡೆಗೂ ರೊಟ್ಟಿಯನ್ನೇ ಕಳಿಸುತ್ತಾರೆ ಅಂದುಕೊಳ್ಳಬೇಡಿ. ಅದಕ್ಕೆ ಹಿಂದಿನ ವರ್ಷ, 2018ರಲ್ಲಿ, ಕೊಡಗಿನಲ್ಲಿ ಗುಡ್ಡ ಕುಸಿದಾಗ ಇಲ್ಲಿಂದ ರೊಟ್ಟಿ ಹೋಗಿದ್ದವು. ಎಷ್ಟೋ ಹಾಗೇ ಉಳಿದವು ಅಂತ ಹೋಗಿ ಬಂದ ಡ್ರೈವರ್ ಹೇಳಿದರು. ಅಲ್ಲಿನವರು ಅಕ್ಕಿ ರೊಟ್ಟಿ, ಕಡುಬು ಉಂಡು ಬೆಳೆದವರು. ಮೈಮೇಲೆ ಇಷ್ಟೆಲ್ಲ ಬಂದಿರುವಾಗ ಈ ಗಟ್ಟಿ ಜೋಳದ ರೊಟ್ಟಿ ಕಡಿಯಬೇಕೆಂದರೆ ಅವರಾದರೂ ಏನು ಮಾಡಿಯಾರು? ಆಗಿನಿಂದ ಇವರು ಕೇಳದೆ ಏನೂ ಕಳಿಸಲ್ಲ. 2024ರ ಜುಲೈ ಕೊನೆಗೆ ವಯನಾಡಿನಲ್ಲಿ ಭೂಕುಸಿತವಾದಾಗ ನಾನೇ ಹೋಗಿ "ಅಕ್ಕಾರ, ಈ ಸಲ ಎಷ್ಟು ರೊಟ್ಟಿ?" ಅಂತ ಕೇಳಿದೆ. "ಅನ್ನ ಉಣ್ಣೋ ಮಂದಿಗೆ ರೊಟ್ಟಿ ಯಾಕ್ರೀ, ರೊಕ್ಕ ಕಳಸ್ರಿ" ಅಂದು, ಕೇರಳ ಮುಖ್ಯಮಂತ್ರಿ ಪರಿಹಾರ ನಿಧಿಗೆ ಹಾಕೋದು ಹೇಗೆ ಅಂತ ಮಗನ ಕೈಲಿ ಫೋನಿನಲ್ಲಿ ತೋರಿಸಿದರು.

ಈಗ ಹೋಗುವವರಿಗೆ. ಬೆಳಿಗ್ಗೆ ಹನ್ನೊಂದರ ಒಳಗೆ ಹೋಗಿ, ಆಮೇಲೆ ಹೋದರೆ ಚೂರು ಚೂರಾದವೇ ಉಳಿದಿರುತ್ತವೆ. ಫೋನ್‌ಪೇ ನಡೆಯುತ್ತೆ. ಭಾನುವಾರ ರಜೆ. ಸಂಕ್ರಾಂತಿಗೆ ಬೇಕಾದರೆ ವಾರ ಮುಂಚೆ ಹೇಳಿ ಬನ್ನಿ. ಗಲ್ಲಾದ ಪಕ್ಕ ಒಂದು ಎಣ್ಣೆ ಡಬ್ಬಿ ಇದೆ, ಮೇಲೆ ತೂತು ಕೊರೆದದ್ದು. ಚಿಲ್ಲರೆ ಉಳಿದರೆ ಅದರೊಳಗೆ ಹಾಕಬಹುದು, ಯಾರೂ ಕೇಳುವುದಿಲ್ಲ. ವರ್ಷಕ್ಕೊಮ್ಮೆ ಓಣಿಯವರ ಎದುರಿಗೇ ಬಿಚ್ಚಿ ಎಣಿಸುತ್ತಾರೆ. ಮಳೆಗಾಲದಲ್ಲಿ ರೊಟ್ಟಿ ಒಯ್ಯುವುದಾದರೆ ಅವರ ತೆಳು ಕವರ್ ನಂಬಬೇಡಿ, ಮನೆಯಿಂದ ಸ್ಟೀಲ್ ಡಬ್ಬಿ ತಗೊಂಡು ಹೋಗಿ.