ಸೂಜಿಗೆ ಮುಂಚೆ ಗುಂಯ್‌ಗುಡುವ ಹುಳು: ಒಂದು ವರ್ಷ ಬಳಸಿದ ಮೇಲೆ

ನನ್ನ ಮಗನಿಗೆ ಐದು ವರ್ಷ. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಆಗಲೇಬೇಕು. ಒಂದು ಸಲ ಇಬ್ಬರು ಸೇರಿ ಅವನ ಕೈಕಾಲು ಒತ್ತಿ ಹಿಡಿದಿದ್ದರು. ಆ ರಾತ್ರಿ ನಿದ್ದೆಯಲ್ಲೂ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಅದನ್ನು ನೋಡಲಾಗದೆ, ಸೂಜಿಯ ನೋವು ಕಡಿಮೆ ಮಾಡುವ ಈ ಸಾಧನ ತರಿಸಿದೆ.

ಹುಳುವಿನ ಆಕಾರ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಬಟನ್ ಒತ್ತಿದರೆ ಗುಂಯ್ ಅಂತ ನಡುಗುತ್ತದೆ. ಅದರ ರೆಕ್ಕೆಯನ್ನು ಫ್ರೀಜರ್‌ನಲ್ಲಿಟ್ಟು, ತಣ್ಣಗಾದ ಮೇಲೆ ಹಿಂದೆ ಸಿಕ್ಕಿಸಬೇಕು. ರಕ್ತ ತೆಗೆಯುವಾಗ ಇದನ್ನು ಸೂಜಿಯ ಜಾಗಕ್ಕಿಂತ ಸ್ವಲ್ಪ ಮೇಲೆ, ಭುಜದ ಕಡೆ ಕಟ್ಟಬೇಕು. ಮೊದಲ ಸಲ ನಾನು ಕೆಳಗೆ ಕಟ್ಟಿದ್ದೆ, ಏನೂ ಪ್ರಯೋಜನ ಆಗಲಿಲ್ಲ. ಪೆಟ್ಟು ಬಿದ್ದ ಜಾಗವನ್ನು ಉಜ್ಜಿಕೊಳ್ಳುತ್ತೇವೆ, ಅಲ್ವಾ? ಅದೇ ಲೆಕ್ಕ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಇದನ್ನು 'ಗೇಟ್' ಸಿದ್ಧಾಂತ ಅಂತ ವಿವರಿಸಿದರು. ಬೆನ್ನುಹುರಿಯಲ್ಲಿ ಒಂದು ಬಾಗಿಲಿದ್ದ ಹಾಗೆ. ನಡುಕದ ಸುದ್ದಿ ನುಗ್ಗುತ್ತಿದ್ದರೆ ನೋವಿನ ಸುದ್ದಿಗೆ ದಾರಿ ಕಿರಿದಾಗುತ್ತದೆ.

ಆದರೆ ನನಗೆ ಜಾಸ್ತಿ ಹಿಡಿಸಿದ್ದು ಅದರ ಜೊತೆ ಬಂದ ಚಿತ್ರದ ಕಾರ್ಡುಗಳು. "ಟೋಪಿ ಹಾಕಿದ ಬಾತುಕೋಳಿ ಎಷ್ಟಿವೆ ಹೇಳು ಕಂದ" ಅಂದೆ. ಬೆರಳಿಟ್ಟು ಎಣಿಸತೊಡಗಿದ. ಏಳಕ್ಕೆ ಬಂದಾಗ ಸೂಜಿ ಒಳಗೆ ಹೋಯಿತು. ಹುಬ್ಬು ಗಂಟಿಕ್ಕಿತು, ಬೆರಳು ಅಲ್ಲೇ ನಿಂತಿತು. ಒಂದು ಉಸಿರು ಎಳೆದುಕೊಂಡು "ಎಂಟು" ಅಂದ. ನನಗೆ ಕಣ್ಣು ತುಂಬಿ ಬಂತು.

ಮೊಬೈಲ್‌ನಲ್ಲಿ ವಿಡಿಯೋ ಹಾಕಿಕೊಟ್ಟು ನೋಡಿದ್ದೆ. ಅವನು ಸುಮ್ನೆ ನೋಡುತ್ತಾನೆ, ಸೂಜಿ ಹತ್ತಿರ ಬಂದ ಕೂಡಲೇ ಕಣ್ಣು ಅತ್ತ ಹೋಗುತ್ತದೆ. ಎಣಿಸುವಾಗ ಮನಸ್ಸಿಗೆ ಕೆಲಸ ಇರುತ್ತದೆ.

ಕೊರತೆಗಳೂ ಇವೆ. ಸರದಿ ತಡವಾದರೆ ರೆಕ್ಕೆಯ ತಂಪು ಹೋಗಿಬಿಡುತ್ತದೆ, ಹಾಗಾಗಿ ಫ್ಲಾಸ್ಕ್‌ನಲ್ಲಿ ಐಸ್ ಹಾಕಿ ಒಯ್ಯುತ್ತೇನೆ. ಸದ್ದು ಜೋರು. ಮನೆಯಲ್ಲೇ ಎರಡು ದಿನ ಆಡಲು ಕೊಡಿ, ಇಲ್ಲದಿದ್ದರೆ ಸೂಜಿಗಿಂತ ಇದಕ್ಕೇ ಹೆದರುತ್ತಾರೆ. ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇರುವ ಮಕ್ಕಳಿಗೆ ತಣ್ಣನೆಯ ರೆಕ್ಕೆ ಬೇಡ. ಮತ್ತೆ, ದಯವಿಟ್ಟು "ನೋವೇ ಆಗಲ್ಲ" ಅಂತ ಸುಳ್ಳು ಹೇಳಬೇಡಿ. ಮುಂದಿನ ಸಲ ಮಗು ನಿಮ್ಮ ಮಾತು ನಂಬುವುದಿಲ್ಲ.

ಪದೇಪದೇ ಸೂಜಿ ಇರುವ ಮಕ್ಕಳಿಗೆ ಖಂಡಿತ ಕೊಳ್ಳಿ. ಯಾವಾಗಲೋ ಒಂದು ಲಸಿಕೆಗಾದರೆ ಸೋಪಿನ ಗುಳ್ಳೆ ಊದುವ ಬಾಟಲಿ ಸಾಕು. ದೊಡ್ಡ ಗುಳ್ಳೆ ಬರಬೇಕಾದರೆ ನಿಧಾನವಾಗಿ ಊದಲೇಬೇಕು. ಆ ಉದ್ದದ ಉಸಿರಿಗೆ ಬಿಗಿದ ತೋಳು ತಾನಾಗಿ ಸಡಿಲವಾಗುತ್ತದೆ.