ದೂರದ ದಾರಿಗೊಂದು ಹಳೆಯ ಕ್ರೂಸರ್: ಮೀಟಿಯರ್ 350ರ ದೀರ್ಘಕಾಲದ ಬಳಕೆಯ ವಿಮರ್ಶೆ

ನಾನು ಬಳಸುತ್ತಿರುವುದು 2021ರಲ್ಲಿ ನೋಂದಣಿಯಾದ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350, ಸೂಪರ್‌ನೋವಾ ಮಾದರಿ. ಕೆಎ-16 ಸಂಖ್ಯೆಯ ಈ ಗಾಡಿಯನ್ನು ಹೊಸದುರ್ಗದಲ್ಲಿದ್ದ ಅದರ ಮೊದಲ ಮಾಲೀಕರಿಂದ, ಮಧ್ಯವರ್ತಿಗಳಿಲ್ಲದೆ, ನೇರವಾಗಿ ಕೊಂಡೆ. ಅಂದಿನಿಂದ ಚಿತ್ರದುರ್ಗ ಮತ್ತು ದಾವಣಗೆರೆ ನಡುವಿನ ಕೆಲಸದ ಓಡಾಟಕ್ಕೂ, ರಜೆ ಸಿಕ್ಕಾಗ ಹೊಸಪೇಟೆ, ಆಗುಂಬೆ, ಬೆಂಗಳೂರು ಕಡೆಯ ಪ್ರಯಾಣಕ್ಕೂ ಇದನ್ನೇ ನೆಚ್ಚಿಕೊಂಡಿದ್ದೇನೆ. ಹಳೆಯ ಕ್ರೂಸರ್ ಕೊಳ್ಳಬೇಕೆಂದಿರುವವರು ನನ್ನನ್ನು ಮೊದಲು ಕೇಳುವುದು ಮೈಲೇಜು ಎಷ್ಟು ಎಂದು, ಆಮೇಲೆ ಬೆಲೆ ಎಷ್ಟು ಎಂದು. ಇವೆರಡಕ್ಕಿಂತ ಮೊದಲು ತೀರ್ಮಾನವಾಗಬೇಕಾದದ್ದು, ಒಂದು ಗಂಟೆ ಕುಳಿತ ಮೇಲೆ ನಿಮ್ಮ ಮೈಭಾರ ಎಲ್ಲಿಗೆ ಬಂದು ಬೀಳುತ್ತದೆ ಎಂಬುದು.

ಕ್ರೂಸರ್‌ನಲ್ಲಿ ಫುಟ್‌ರೆಸ್ಟ್‌ಗಳು ಸೀಟಿನ ನೇರ ಕೆಳಗಿರದೆ ಮುಂದಕ್ಕೆ ಇರುತ್ತವೆ. ಮಂಡಿ ಹೆಚ್ಚು ಮಡಚಬೇಕಾಗಿಲ್ಲ, ಬೆನ್ನು ನೆಟ್ಟಗಿರುತ್ತದೆ, ಅಂಗೈಯ ಮೇಲೆ ಒತ್ತಡ ಬೀಳುವುದಿಲ್ಲ. ಆದರೆ ಕಾಲು ಮುಂದೆ ಹೋದಷ್ಟೂ ಭಾರವೆಲ್ಲ ಬೆನ್ನುಮೂಳೆಯ ಬುಡಕ್ಕೆ ಬರುತ್ತದೆ. ಸಾಮಾನ್ಯ ಬೈಕಿನಲ್ಲಿ ಹಂಪು ಕಂಡಾಗ ಕಾಲೂರಿ ಸ್ವಲ್ಪ ಎದ್ದು ಹೊಡೆತವನ್ನು ಮಂಡಿಯಲ್ಲಿ ತಡೆದುಕೊಳ್ಳಬಹುದು. ಫುಟ್‌ರೆಸ್ಟ್ ತೀರ ಮುಂದಿರುವ ಗಾಡಿಯಲ್ಲಿ ಹಾಗೆ ಏಳಲು ಬರುವುದಿಲ್ಲ, ಹೊಡೆತ ನೇರ ಸೊಂಟಕ್ಕೆ ಹೋಗುತ್ತದೆ. ರಾಷ್ಟ್ರೀಯ ಹೆದ್ದಾರಿ 48ರ ಸಮತಟ್ಟಾದ ದಾರಿಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಹೊಳಲ್ಕೆರೆ ದಾಟಿ ಚನ್ನಗಿರಿಯ ಕಡೆ ಹೋಗುವಾಗ, ಊರು ಬಂದಾಗಲೆಲ್ಲ ಎದುರಾಗುವ ಹಂಪುಗಳಲ್ಲಿ ಗೊತ್ತಾಗುತ್ತದೆ. ಆದ್ದರಿಂದ ಗಾಡಿ ನೋಡಲು ಹೋದವರು ಬಡಾವಣೆಯೊಳಗೆ ಒಂದು ಸುತ್ತು ಹಾಕಿ ಬಂದರೆ ಸಾಲದು. ಪೆಟ್ರೋಲ್ ನಾನು ಹಾಕಿಸುತ್ತೇನೆ, ನೀವೇ ಹಿಂದೆ ಕುಳಿತುಕೊಳ್ಳಿ ಎಂದು ಮಾಲೀಕರನ್ನು ಕೇಳಿಕೊಂಡು ಒಂದು ಗಂಟೆಯಾದರೂ ಓಡಿಸಬೇಕು. ಗಾಡಿಯನ್ನು ಚೆನ್ನಾಗಿ ಇಟ್ಟುಕೊಂಡವರು ಇದಕ್ಕೆ ಬೇಡವೆನ್ನುವುದು ಕಡಿಮೆ.

ನಮ್ಮ ಕಡೆ ಹಳೆಯ ಗಾಡಿಗಳಲ್ಲಿ ಕ್ರೂಸರ್ ಎಂದು ಹುಡುಕಿದರೆ ಹೆಚ್ಚಾಗಿ ಸಿಗುವುದು ಮೂರು: ಬಜಾಜ್ ಅವೆಂಜರ್ 220, ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್ 350 ಮತ್ತು ಮೀಟಿಯರ್. 2015ರಲ್ಲಿ ಬಂದ ಅವೆಂಜರ್ 220 ಕ್ರೂಸ್ ಈ ಮೂರರಲ್ಲಿ ಅತಿ ಹಗುರ, ಬೆಲೆಯೂ ಕಡಿಮೆ, ಸೀಟು ತಗ್ಗು. ಎತ್ತರ ಕಡಿಮೆ ಇರುವವರಿಗೂ ದಿನಾ ಪೇಟೆಯಲ್ಲಿ ಓಡಾಡುವವರಿಗೂ ಅದು ಒಳ್ಳೆಯ ಗಾಡಿ. ಅದರದ್ದು ಸ್ಪೋಕ್ ಚಕ್ರ, ಹಾಗಾಗಿ ಟ್ಯೂಬ್ ಇರುವ ಟಯರು. ರಾತ್ರಿ ಹಿರಿಯೂರು, ಶಿರಾ ನಡುವೆ ಪಂಕ್ಚರ್ ಆದರೆ ಚಕ್ರ ಬಿಚ್ಚದೆ ದಾರಿಯಿಲ್ಲ. ಥಂಡರ್‌ಬರ್ಡ್‌ಗೆ 2012ರ ಹೊಸ ರೂಪದಿಂದ 20 ಲೀಟರಿನ ಟ್ಯಾಂಕು ಬಂತು. ದೂರದ ಪ್ರಯಾಣಕ್ಕೆ ಅದೊಂದು ದೊಡ್ಡ ಅನುಕೂಲ. 2018ರ ಎಕ್ಸ್ ಮಾದರಿಯಲ್ಲಿ ಅಲಾಯ್ ಚಕ್ರ, ಟ್ಯೂಬ್‌ಲೆಸ್ ಟಯರು ಕೂಡ ಇವೆ. ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಗೆ ಬಂದ 2020ರಲ್ಲಿ ಥಂಡರ್‌ಬರ್ಡ್ ನಿಂತು, ಅದೇ ವರ್ಷದ ನವೆಂಬರಿನಲ್ಲಿ ಮೀಟಿಯರ್ ಬಂತು. ಕಾಗದದ ಮೇಲೆ ಎರಡರ ಶಕ್ತಿ ಹೆಚ್ಚುಕಡಿಮೆ ಒಂದೇ: ಥಂಡರ್‌ಬರ್ಡ್‌ನ 346 ಸಿಸಿ ಎಂಜಿನ್ 28 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಕೊಟ್ಟರೆ ಮೀಟಿಯರ್‌ನ 349 ಸಿಸಿ ಎಂಜಿನ್ 27 ಕೊಡುತ್ತದೆ. ನಿಜವಾದ ವ್ಯತ್ಯಾಸ ಇರುವುದು ಎಂಜಿನ್ನಿನೊಳಗೆ. ಒಂದೇ ಪಿಸ್ಟನ್ ಮೇಲೆ ಕೆಳಗೆ ಓಡುವಾಗ ಹುಟ್ಟುವ ನಡುಕವನ್ನು ಎದುರು ತೂಕದಿಂದ ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟ್ ಮೀಟಿಯರ್‌ನಲ್ಲಿದೆ, ಹಳೆಯ ಎಂಜಿನ್ನಿನಲ್ಲಿ ಇಲ್ಲ. ಗಂಟೆಗೆ 80 ಕಿಲೋಮೀಟರ್ ದಾಟಿ ಎರಡು ತಾಸು ಓಡಿಸಿ ಇಳಿದಾಗ ಅಂಗೈ ಜುಮ್ಮೆನ್ನುತ್ತದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಆ ಒಂದು ಶಾಫ್ಟ್. ನಾನು ಮೀಟಿಯರ್ ಆರಿಸಿದ್ದು ಇದೇ ಕಾರಣಕ್ಕೆ. ಅದರ ಫುಟ್‌ರೆಸ್ಟ್‌ಗಳು ಅವೆಂಜರ್‌ನಷ್ಟು ಮುಂದೆ ಇಲ್ಲದಿರುವುದು ಎರಡನೆಯ ಕಾರಣ. ಹಂಪಿನ ಮೇಲೆ ಅಷ್ಟಿಷ್ಟಾದರೂ ಮೈ ಎತ್ತಬಹುದು. ಯಾವ ಗಾಡಿಯನ್ನೇ ಆರಿಸಿದರೂ, ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ಎಬಿಎಸ್ ಇರಲಿ ಎಂದು ಒತ್ತಿ ಹೇಳುತ್ತೇನೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಎಲ್ಲ ಹೊಸ ಬೈಕುಗಳಿಗೂ ಅದು ಕಡ್ಡಾಯವಾಗಿರುವುದರಿಂದ, ನಂತರದ ಗಾಡಿಗಳನ್ನು ಮಾತ್ರ ನೋಡುವುದು ಸುಲಭದ ಹಾದಿ.

ಆಯ್ಕೆ ತೀರ್ಮಾನವಾದ ಮೇಲೆ ಗಾಡಿಯ ಪರೀಕ್ಷೆ. ಮುಂಜಾನೆಯೇ ಹೋಗಿ, ಸ್ಟಾರ್ಟ್ ಮಾಡುವ ಮೊದಲು ಎಂಜಿನ್ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಯಾರೋ ಅದನ್ನು ಓಡಿಸಿದ್ದಾರೆಂದು ಅರ್ಥ, ತಣ್ಣಗಿರುವಾಗ ಕೇಳಿಸಬೇಕಾದ ಸದ್ದು ಆಗ ಕೇಳಿಸುವುದಿಲ್ಲ. ಡಬಲ್ ಸ್ಟ್ಯಾಂಡ್ ಹಾಕಿ, ಹಿಂದಿನಿಂದ ಯಾರಾದರೂ ಒತ್ತಿ ಹಿಡಿದು ಮುಂದಿನ ಚಕ್ರ ನೆಲ ಬಿಟ್ಟಾಗ, ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸಿ. ನಟ್ಟನಡುವೆ ಒಂದು ಕಡೆ ತಡೆದಂತಾದರೆ ಹ್ಯಾಂಡಲ್ ತಿರುಗಲು ಆಧಾರವಾದ ಬೇರಿಂಗು, ಅಂದರೆ ಕೋನ್‌ಸೆಟ್, ಸವೆದಿದೆ. ಹಾಗೆಯೇ ಹ್ಯಾಂಡಲನ್ನು ಪೂರ್ತಿ ತಿರುಗಿಸಿ, ಫ್ರೇಮಿನ ಕುತ್ತಿಗೆಯ ಹತ್ತಿರ ಅದನ್ನು ತಡೆದು ನಿಲ್ಲಿಸುವ ಬೆರಳ ತುದಿಯಷ್ಟು ಅಗಲದ ಲೋಹದ ಜಾಗವನ್ನು ಬೆಳಕು ಬಿಟ್ಟು ನೋಡಬೇಕು. ಗಾಡಿ ಎದುರಿಗೆ ಡಿಕ್ಕಿ ಹೊಡೆದಿದ್ದರೆ ಅಥವಾ ಜೋರಾಗಿ ಬಿದ್ದಿದ್ದರೆ ಅಲ್ಲಿ ತಗ್ಗು ಬಿದ್ದಿರುತ್ತದೆ, ಬಣ್ಣ ಸಿಡಿದಿರುತ್ತದೆ. ಟ್ಯಾಂಕು, ಮಡ್‌ಗಾರ್ಡು ಬದಲಿಸಿ ಮಿಂಚುವಂತೆ ಮಾಡಿದವರೂ ಆ ಜಾಗವನ್ನು ಸರಿಪಡಿಸುವುದು ಅಪರೂಪ. ದಾವಣಗೆರೆಯಲ್ಲಿ ನಾನು ನೋಡಿ ಬಿಟ್ಟ ಗಾಡಿಯೊಂದರ ಮೀಟರು ತೀರ ಕಡಿಮೆ ಓಟ ತೋರಿಸುತ್ತಿತ್ತು. ಆದರೆ ಫುಟ್‌ರೆಸ್ಟಿನ ರಬ್ಬರಿನಲ್ಲಿ ಗೆರೆಗಳೇ ಉಳಿದಿರಲಿಲ್ಲ, ಚೈನ್ ಓಡುವ ಹಿಂದಿನ ಹಲ್ಲುಚಕ್ರದ, ಅಂದರೆ ಸ್ಪ್ರಾಕೆಟ್ಟಿನ, ಹಲ್ಲುಗಳು ಒಂದೇ ಕಡೆಗೆ ಬಾಗಿ ಚೂಪಾಗಿದ್ದವು. ಮೀಟರಿಗಿಂತ ರಬ್ಬರನ್ನೂ ಹಲ್ಲನ್ನೂ ನಂಬುವುದು ಕ್ಷೇಮ. ಟಯರಿನ ಬದಿಯಲ್ಲಿರುವ ನಾಲ್ಕು ಅಂಕಿಗಳನ್ನೂ ಓದಿಕೊಳ್ಳಿ: 2321 ಎಂದಿದ್ದರೆ ಅದು 2021ರ 23ನೆಯ ವಾರದಲ್ಲಿ ತಯಾರಾದದ್ದು. 2020ರ ಡಿಸೆಂಬರ್‌ನಿಂದ 2021ರ ಏಪ್ರಿಲ್‌ವರೆಗೆ ತಯಾರಾದ ಕೆಲವು ಮೀಟಿಯರ್‌ಗಳನ್ನು ಎಂಜಿನ್ನಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್‌ನ ಪರೀಕ್ಷೆಗೆಂದು ಕಂಪನಿಯೇ ವಾಪಸ್ ಕರೆದಿತ್ತು. ಆ ಅವಧಿಯ ಗಾಡಿಯಾಗಿದ್ದರೆ ಕೆಲಸ ಮುಗಿದಿದೆಯೇ ಎಂದು ಚಾಸಿ ನಂಬರ್ ಕೊಟ್ಟು ಸರ್ವಿಸ್ ಸೆಂಟರಿನಲ್ಲಿ ಕೇಳಬಹುದು.

ಇನ್ನು ಓಡಾಟದ ಮಾತು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ; ಆಷಾಢದಲ್ಲಿ ಹೆದ್ದಾರಿಗೆ ಅಡ್ಡಲಾಗಿ ಬೀಸುವ ಗಾಳಿ ಹಗುರ ಗಾಡಿಯನ್ನು ಪಕ್ಕದ ಲೇನಿಗೆ ತಳ್ಳುತ್ತದೆ. ಇಲ್ಲಿ ಮೀಟಿಯರ್‌ನ 191 ಕಿಲೋ ತೂಕ ವರವಾಗಿದೆ. ಸೂಪರ್‌ನೋವಾದ ಗಾಳಿತಡೆ ಎದುರುಗಾಳಿಯನ್ನು ಎದೆಯಿಂದ ದೂರವಿಡುತ್ತದೆ, ಆದರೆ ಅಡ್ಡಗಾಳಿಗೆ ಅದೇ ಹಾಯಿಯಂತೆ ಸಿಕ್ಕಿಕೊಳ್ಳುವುದರಿಂದ, ಲಾರಿಯನ್ನು ದಾಟಿ ಅದರ ಮರೆಯಿಂದ ಹೊರಬರುವ ಆ ಕ್ಷಣದಲ್ಲಿ ಹ್ಯಾಂಡಲ್ ಮೇಲೆ ಗಮನವಿರಬೇಕು. 80ರಿಂದ 90ರ ವೇಗದಲ್ಲಿ ಈ ಗಾಡಿ ನೆಮ್ಮದಿಯಾಗಿ ಓಡುತ್ತದೆ. ಅದಕ್ಕಿಂತ ವೇಗ ಬೇಕೆನ್ನುವವರು ಬೇರೆ ಜಾತಿಯ ಬೈಕು ನೋಡುವುದು ಒಳ್ಳೆಯದು. ಲೀಟರಿಗೆ ನನಗೆ 33 ಕಿಲೋಮೀಟರಿನ ಆಸುಪಾಸು ಸಿಗುತ್ತದೆ, ಟ್ಯಾಂಕು 15 ಲೀಟರಿನದು. ಬೆಂಗಳೂರಿಗೆ ಹೋಗಿ ಬರುವುದಕ್ಕೆ ಒಮ್ಮೆ ತುಂಬಿಸಿದರೆ ಸಾಕು. ಆಗುಂಬೆಯ ತಿರುವುಗಳಲ್ಲಿ ಮಾತ್ರ ಇದನ್ನು ಅವಸರಿಸಬಾರದು. ತಗ್ಗಾದ ಗಾಡಿ, ಹೆಚ್ಚು ವಾಲಿಸಿದರೆ ಫುಟ್‌ರೆಸ್ಟ್ ನೆಲಕ್ಕೆ ತಾಗುತ್ತದೆ.

ಹಿಂದೆ ಕೂರುವವರ ಸುಖವನ್ನು ವಿಮರ್ಶೆಗಳಲ್ಲಿ ಒಂದು ಸಾಲಿನಲ್ಲಿ ಮುಗಿಸುತ್ತಾರೆ, ಅದು ನನಗೆ ಸರಿಕಾಣುವುದಿಲ್ಲ. ಜೋಡಿಯಾಗಿ ಪ್ರಯಾಣ ಮಾಡುವವರಿಗೆ ಅರ್ಧ ಗಾಡಿ ಅವರದು. ನಮ್ಮ ಮನೆಯವರು ಕೂಡ್ಲಿಗಿ ಮೇಲೆ ಹೊಸಪೇಟೆಗೆ ಹೋದಾಗ ಇಳಿದ ಕೂಡಲೇ ಹೇಳಿದ್ದು, “ಬೆನ್ನಿಗೆ ಆನಿಕೊಳ್ಳೋಕೆ ಇದೆಯಲ್ರೀ, ಅದೇ ದೊಡ್ಡದು” ಎಂದು. ಸೂಪರ್‌ನೋವಾಗೆ ಆ ಬ್ಯಾಕ್‌ರೆಸ್ಟ್ ಕಂಪನಿಯಿಂದಲೇ ಬರುತ್ತದೆ, ಫೈರ್‌ಬಾಲ್ ಮಾದರಿಗೆ ಬೇರೆ ಹಾಕಿಸಬೇಕು. ಹಿಂದಿನ ಶಾಕ್‌ಗಳ ಸ್ಪ್ರಿಂಗ್ ಬಿಗಿಯನ್ನು ಆರು ಹಂತಗಳಲ್ಲಿ ಬದಲಿಸಬಹುದು. ಒಬ್ಬರೇ ಇರುವಾಗ ಸಡಿಲ, ಇಬ್ಬರು ಮತ್ತು ಬ್ಯಾಗು ಇರುವಾಗ ಬಿಗಿ. ಎಷ್ಟೋ ಹಳೆಯ ಗಾಡಿಗಳಲ್ಲಿ ಇದನ್ನು ಮುಟ್ಟಿಯೇ ಇರುವುದಿಲ್ಲ. ಶಾಕ್ ಸರಿಯಿಲ್ಲವೆಂದು ಬದಲಿಸುವ ಮೊದಲು ಒಮ್ಮೆ ಹಂತ ಬದಲಿಸಿ ಓಡಿಸಿ ನೋಡಿ.

ಕಾಗದಪತ್ರಗಳಲ್ಲಿ ನೋಡಬೇಕಾದದ್ದು ಮೂರೇ ವಿಷಯ. ಆರ್‌ಸಿಯಲ್ಲಿ ಬ್ಯಾಂಕ್ ಸಾಲದ ನಮೂದಿದ್ದರೆ ಫಾರಂ 35ರ ಮೂಲಕ ಅದು ತೆಗೆದುಹೋದ ಮೇಲಷ್ಟೇ ಹಣ ಕೊಡಿ. ಹೊರರಾಜ್ಯದ ಗಾಡಿಯಾದರೆ ಆ ರಾಜ್ಯದ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರದ (ಎನ್‌ಒಸಿ) ಜೊತೆಗೆ ಇಲ್ಲಿನ ತೆರಿಗೆಯೂ ಸೇರಿ, ಕಡಿಮೆ ಬೆಲೆ ಎಂದುಕೊಂಡದ್ದು ಕಡಿಮೆಯಾಗಿ ಉಳಿಯುವುದಿಲ್ಲ. ವಿಮೆಯನ್ನು 14 ದಿನಗಳೊಳಗೆ ನಿಮ್ಮ ಹೆಸರಿಗೆ ಬದಲಿಸಿಕೊಳ್ಳಬೇಕು. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಗಳಿಗೆ ಮೂರನೆಯವರ (ಥರ್ಡ್ ಪಾರ್ಟಿ) ವಿಮೆ ಐದು ವರ್ಷಕ್ಕೆ ಒಟ್ಟಿಗೇ ಬಂದಿರುವುದರಿಂದ 2021ರ ಗಾಡಿಗೆ ಅದು 2026ರಲ್ಲಿ ಮುಗಿಯುತ್ತದೆ, ಸ್ವಂತ ಹಾನಿಯ ವಿಮೆ ಅದಕ್ಕೂ ಮೊದಲೇ ಮುಗಿದಿರಬಹುದು. ಬೆಲೆ ಮಾತಾಡುವಾಗ ಎರಡು ಟಯರು, ಚೈನ್ ಸ್ಪ್ರಾಕೆಟ್ ಸೆಟ್, ಬ್ಯಾಟರಿ, ಬ್ರೇಕ್ ಪ್ಯಾಡುಗಳ ಖರ್ಚನ್ನು ಬೇರೆ ಎತ್ತಿಟ್ಟುಕೊಂಡು ಕೂರಿ. ನಾನು ಟಯರುಗಳನ್ನು ಕೊಂಡ ವಾರವೇ ಬದಲಿಸಿದೆ, ಚೈನ್ ಸೆಟ್ಟನ್ನು ಆ ಮಳೆಗಾಲಕ್ಕೆ ಮುಂಚೆ. ಎಂಜಿನ್ನಿಗೆ ಇದುವರೆಗೆ ಆಯಿಲ್, ಫಿಲ್ಟರ್, ಟ್ಯಾಪೆಟ್ (ವಾಲ್ವ್‌ಗಳ ಸಂದು) ಹೊಂದಿಸುವುದು ಬಿಟ್ಟು ಬೇರೇನನ್ನೂ ಮಾಡಿಸಿಲ್ಲ.