ಮಾಟುಂಗಾದಲ್ಲಿ ಹೊಲಿಸಿದ ಶನೆಲ್ ಜಾಕೆಟ್

ಫ್ರಾನ್ಸಿನ ಫ್ಯಾಷನ್ ಡಿಸೈನರ್ ಕೊಕೊ ಶನೆಲ್ ಅಂದರೆ ನನಗೆ ಸೆಂಟಿಗಿಂತ ಮೊದಲು ನೆನಪಾಗುವುದು ಆ ಕಾಲರಿಲ್ಲದ ಜಾಕೆಟ್. 1883ರಲ್ಲಿ ಬಡವರ ಮನೆಯಲ್ಲಿ ಹುಟ್ಟಿ, ತಾಯಿ ತೀರಿಕೊಂಡ ಮೇಲೆ ಅನಾಥಾಶ್ರಮದಲ್ಲಿ ಬೆಳೆದ ಹುಡುಗಿ. 1910ರಲ್ಲಿ ಪ್ಯಾರಿಸ್‌ನಲ್ಲಿ ಟೋಪಿ ಅಂಗಡಿ ಇಟ್ಟಳು. ಆಮೇಲೆ ಬಟ್ಟೆ ಹೊಲಿಗೆಗೂ ಇಳಿದಳು. ಎರಡನೇ ಮಹಾಯುದ್ಧ ಶುರುವಾದಾಗ ಅದನ್ನು ನಿಲ್ಲಿಸಿ, 1954ರಲ್ಲಿ, 70ರ ವಯಸ್ಸಿನಲ್ಲಿ ಮತ್ತೆ ಬಾಗಿಲು ತೆರೆದಳು! ಯುದ್ಧಕಾಲದಲ್ಲಿ ಜರ್ಮನ್ ಅಧಿಕಾರಿಯ ಜೊತೆ ಇದ್ದದ್ದನ್ನು ನಾನು ಒಪ್ಪುವುದಿಲ್ಲ. ಆದರೆ ಆ ಕೈಕೆಲಸಕ್ಕೆ ಮನಸೋತಿದ್ದೇನೆ.

ಅಂಥದ್ದೇ ಜಾಕೆಟ್ ಮುಂಬೈನ ಮಾಟುಂಗಾದ ನಮ್ಮ ಕನ್ನಡದ ಟೈಲರ್ ಹತ್ತಿರ ಹೊಲಿಸಿದೆ. ಬಟ್ಟೆ ಮಂಗಲ್‌ದಾಸ್ ಮಾರ್ಕೆಟ್‌ನದು. ಮುಂಬೈ ಸೆಖೆಗೆ ಉಣ್ಣೆ ಆಗಲ್ಲ, ಅದಕ್ಕೆ ದಪ್ಪ ನೂಲಿನ ಕಾಟನ್. ಶನೆಲ್ ಜಾಕೆಟ್ಟಿನ ಗುಟ್ಟು ಇರುವುದು ಒಳಗಡೆ. ಕೆಳಗಿನ ಅಂಚಿನಲ್ಲಿ, ಲೈನಿಂಗ್ ಮೇಲೆ, ಸಣ್ಣ ಲೋಹದ ಸರಪಳಿ ಹೊಲಿದಿರುತ್ತಾರೆ. ಆ ಭಾರಕ್ಕೆ ಜಾಕೆಟ್ ನೆಟ್ಟಗೆ ಇಳಿಬೀಳುತ್ತದೆ.

“ಇದನ್ನ ಮಷೀನಲ್ಲಿ ಹಾಕೋಕಾಗಲ್ಲ ಅಕ್ಕಾ, ಕೈಯಲ್ಲೇ ಹಾಕ್ತೀನಿ” ಅಂದರು. ಒಂದೊಂದು ಕೊಂಡಿಗೂ ಟಾಕಾ ಹಾಕಿದ್ದಾರೆ, ಹೊರಗೆ ಒಂದು ದಾರವೂ ಕಾಣುವುದಿಲ್ಲ. ಜೇಬುಗಳೂ ಸುಮ್ನೆ ತೋರಿಕೆಗಲ್ಲ, ಫೋನ್ ಆರಾಮಾಗಿ ಹಿಡಿಯುತ್ತದೆ. ಕಂಕುಳ ಹತ್ತಿರ ಮಾತ್ರ ಬಿಗಿ, ಲೋಕಲ್ ಟ್ರೇನಿನಲ್ಲಿ ಕೈ ಎತ್ತಿದರೆ ಗೊತ್ತಾಗುತ್ತದೆ. ಬಿಚ್ಚಿ ಸರಿ ಮಾಡಿಕೊಡುತ್ತೇನೆ ಅಂದಿದ್ದಾರೆ. ಕೂಲಿ ಸ್ವಲ್ಪ ಜಾಸ್ತಿಯೇ, ಆದರೆ ಈ ಕೆಲಸಕ್ಕೆ ಕೊಡಬಹುದು. ಹಬ್ಬದ ಸೀಸನ್ ಬಿಟ್ಟು ಹೋಗಿ, ಸರಪಳಿ ನೀವೇ ತಗೊಂಡು ಹೋಗಿ.